ಅಕ್ಕ ಓದಿ ಹೇಳಿದ್ದು

ಆ ಮುದ್ರಣಾಲಯದಲ್ಲಿ ಅವನನ್ನು ಎಲ್ಲರೂ ತಮ್ಮ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವರಾದ ಯಜಮಾನರೂ ಹಾಗೇ ಕೂಗುತ್ತಿದ್ದರು. ಇದಕ್ಕೆ ಕಾರಣ ಅವನ ಅಕ್ಕ. ಅವನು ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರುವ ಎಷ್ಟೋ ವರ್ಷ ಮೊದಲಿನಿಂದ ಅವಳು ಕೆಳಗಿನ ಬೈಂಡಿಂಗ್ ವಿಭಾಗದಲ್ಲಿ ಪುಸ್ತಕ ಹೊಲಿಯುತ್ತಿದ್ದಳು. ಮಧ್ಯಾಹ್ನವಾದರೆ ಮೆಟ್ಟಿಲ ಬುಡಕ್ಕೆ ಬಂದು, ಸೊಂಟಕ್ಕೆ ಕೈಕೊಟ್ಟು, ಮೇಲಕ್ಕೆ ಮುಖ ಮಾಡಿ, "ತಮ್ಮಾ, ಊಟಕ್ಕೆ ಬಾರೋ!" ಎಂದು ಅವಳು ಕೂಗುವ ಕೂಗು ಅಚ್ಚಿನ ಯಂತ್ರದ ಸದ್ದನ್ನೂ ಸೀಳಿಕೊಂಡು ಹೋಗುತ್ತಿತ್ತು. ಕೇಳಿ ಕೇಳಿ ಎಲ್ಲರ ಬಾಯಲ್ಲೂ ಅದೇ ನಿಂತಿತು. ಅವಳು ಎಲ್ಲರಿಗೂ ಬೈಂಡಿಂಗ್ ಅಕ್ಕ, ಅವನು ಎಲ್ಲರಿಗೂ ತಮ್ಮ.

ಅವಳಿಗೆ ಅವನು ತಮ್ಮನಿಗಿಂತ ಹೆಚ್ಚಾಗಿ ಮಗನೇ. ತಾಯಿ ಹೋದಾಗ ಅವನು ಇನ್ನೂ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ. ಲಾರಿ ಓಡಿಸುತ್ತಿದ್ದ ತಂದೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಕೊನೆಗೆ ಬರುವುದನ್ನೇ ಬಿಟ್ಟರು. ಅವಳು ಓದು ಬಿಟ್ಟು ಬೈಂಡಿಂಗ್ ಕಲಿತಳು. ಅವನನ್ನು ಓದಿಸಿದಳು. ಕೈಗೆ ಸಿಕ್ಕ ರೇಡಿಯೋ, ಗಡಿಯಾರ ಎಲ್ಲವನ್ನೂ ಬಿಚ್ಚಿ ಹರಡುವ ಹುಡುಗನಿಗೆ ಬೈಯುವ ಬದಲು ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದ್ದೂ ಅವಳೇ. ಮದುವೆಯ ಮಾತು ಬಂದಾಗಲೆಲ್ಲ "ಮೊದಲು ಇವನದೊಂದು ದಾರಿಯಾಗಲಿ" ಎನ್ನುತ್ತಿದ್ದಳು. ಅವನ ದಾರಿಯಾಗುವ ಹೊತ್ತಿಗೆ ಕೇಳುವವರು ಯಾರೂ ಉಳಿದಿರಲಿಲ್ಲ.

ಬೈಂಡಿಂಗ್ ಮೇಜಿನ ಹಿಂದೆ, ಕಾಗದದ ರೀಮುಗಳನ್ನು ಒಟ್ಟುವ ಕೋಣೆಯ ಮೂಲೆಯಲ್ಲಿ ಒಂದು ಕಪ್ಪು ಕಂಪ್ಯೂಟರ್ ಇತ್ತು. ಮೇಲೆ ಅಕ್ಷರ ಜೋಡಿಸುವವರ ಮುಂದಿದ್ದವೆಲ್ಲ ವಿಂಡೋಸಿನವು. ಕೆಳಗಿನ ಈ ಕರಿಯ ಮಾತ್ರ ಲಿನಕ್ಸಿನದು. ಪ್ರೆಸ್ಸಿನ ಕೆಲಸವೆಲ್ಲ ಅದರೊಳಗಿನ ಒಂದೇ ಫೋಲ್ಡರಿನಲ್ಲಿತ್ತು. ಮೇಲೆ ಕೂತ ಯಾರು ಬೇಕಾದರೂ ತಂತಮ್ಮ ಪರದೆಯ ಮೇಲೇ ಅದನ್ನು ತೆರೆದು, ತಿದ್ದಿ, ಮುಚ್ಚುತ್ತಿದ್ದರು.

"ಅದು ಬೇರೆ ಜಾತಿ, ಇದು ಬೇರೆ ಜಾತಿ ಅಂತೀಯ, ಮತ್ತೆ ಹೆಂಗೋ ಮಾತಾಡ್ಕೊಳ್ತವೆ?" ಎಂದು ಅಕ್ಕ ಒಮ್ಮೆ ಕೇಳಿದ್ದಳು.

"ಮಧ್ಯದಲ್ಲಿ ಒಬ್ಬ ದುಭಾಷಿ ಇದಾನೆ ಅಕ್ಕ. ಸಾಂಬಾ ಅಂತ. ವಿಂಡೋಸ್ ಕೇಳಿದ್ದನ್ನ ಇವನಿಗೆ ಹೇಳ್ತಾನೆ, ಇವನು ಕೊಟ್ಟಿದ್ದನ್ನ ಅದಕ್ಕೆ ತಲುಪಿಸ್ತಾನೆ."

"ಸಾಂಬ! ಒಳ್ಳೇ ಹೆಸರು."

ಅಂದಿನಿಂದ ಅಕ್ಕನ ಪಾಲಿಗೆ ಆ ಪೆಟ್ಟಿಗೆಯೊಳಗೆ ಸಾಂಬಣ್ಣ ಎಂಬ ಒಬ್ಬ ಮನುಷ್ಯ ಸೇರಿಕೊಂಡ. ಅಕ್ಷರ ಜೋಡಿಸುವ ಹೆಂಗಸೊಬ್ಬಳು, ವಟವಟ ಮಾತಿನ ದೆಸೆಯಿಂದ ಗಿಣಿ ಎಂದು ಹೆಸರಾದವಳು, ಮೇಲಿನಿಂದ "ತಮ್ಮಾ, ಫೋಲ್ಡರ್ ಕಾಣ್ತಿಲ್ಲ!" ಎಂದು ಅರಚಿದರೆ, ಕೆಳಗಿನಿಂದ ಅಕ್ಕ, "ಸ್ವಲ್ಪ ತಡಿಯೇ, ಸಾಂಬಣ್ಣ ಇನ್ನೂ ಮುಖ ತೊಳೀತಿದಾನೆ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು.

ತಮ್ಮನ ಕಣ್ಣಿನಲ್ಲಿ ಏನೋ ಎಡವಟ್ಟಾಗಿದೆ ಎಂದು ಅಕ್ಕನಿಗೆ ಮೊದಲು ಹೊಳೆದದ್ದು ಒಂದು ಸಂಜೆ ಮನೆಯಲ್ಲಿ. ಅವನು ಹೂಜಿಯಿಂದ ನೀರು ಬಗ್ಗಿಸಿಕೊಳ್ಳುತ್ತಿದ್ದ. ಲೋಟ ಒಂದು ಕಡೆ, ನೀರು ಒಂದು ಕಡೆ. ಅವನು ಏನೂ ಆಗದವನಂತೆ ಬಟ್ಟೆ ತಂದು ಒರೆಸಿದ. ಒರೆಸಿದ್ದೂ ನೀರಿಲ್ಲದ ಜಾಗವನ್ನೇ. ಅವಳು ನೋಡುತ್ತ ನಿಂತಳು. ಆಮೇಲೆ ಒಂದೊಂದೇ ನೆನಪಿಗೆ ಬಂತು: ಬಾಗಿಲ ಚೌಕಟ್ಟಿಗೆ ಭುಜ ತಾಗುವುದು, ಎದುರು ಬಂದವರನ್ನು ಮಾತಾಡಿಸದೆ ಹೋಗುವುದು, ಮೆಟ್ಟಿಲಿನ ಮೇಲೆ ಪ್ರತಿ ಹೆಜ್ಜೆಗೂ ಕಾಲಿನಿಂದ ತಡಕುವುದು.

"ಎಷ್ಟು ದಿನ ಆಯ್ತೋ ಇದು?"

"ಯಾವುದು?"

"ನನ್ನ ಹತ್ರ ನಾಟಕ ಆಡ್ಬೇಡ. ನಿನ್ನ ಅಂಡು ತೊಳೆದು ಬೆಳೆಸಿದವಳು ನಾನು."

ಅವನು ನೆಲದ ಮೇಲೆ ಕೂತುಬಿಟ್ಟ. ಕಾಗದವನ್ನು ಕೊಳವೆಯಂತೆ ಸುತ್ತಿ ಅದರೊಳಗಿಂದ ನೋಡಿದರೆ ಹೇಗಿರುತ್ತದೋ ಹಾಗೆ ಕಾಣುತ್ತಿದೆ, ಆ ಕೊಳವೆಯೂ ದಿನದಿಂದ ದಿನಕ್ಕೆ ಸಣ್ಣದಾಗುತ್ತಿದೆ ಎಂದ. ಕಣ್ಣಿನ ಡಾಕ್ಟರ ಬಳಿ ಅವನು ಆಗಲೇ ಹೋಗಿ ಬಂದಿದ್ದ, ಒಬ್ಬನೇ. ಒಳಗಿನ ಒತ್ತಡ ನರವನ್ನು ತಿಂದಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಹನಿ ಹಾಕಿಕೊಳ್ಳಿ ಎಂದಿದ್ದರು. ಇರುವುದೂ ಉಳಿಯುತ್ತಿರಲಿಲ್ಲ.

"ಯಜಮಾನರಿಗೆ ಹೇಳ್ಬೇಡ ಅಕ್ಕ. ಕೆಲಸ ನನ್ನ ಕೈಗೆ ಗೊತ್ತಿದೆ. ಬೆರಳಿಗೆ ಕಣ್ಣು ಬೇಡ. ಪರದೆ ಮೇಲೆ ಏನು ಬಂತು ಅಂತ ಯಾರಾದ್ರೂ ಓದಿ ಹೇಳಿದ್ರೆ ಸಾಕು."

"ಯಾರಾದ್ರೂ ಅಂದ್ರೆ?"

ಅವನು ಅವಳ ಕಡೆ ಮುಖ ತಿರುಗಿಸಿದ. ಅವಳಿಗೆ ಅರ್ಥವಾಯಿತು. ಮೂಗು ಸೀಟಿಕೊಂಡು, "ನನಗೆ ಇಂಗ್ಲಿಷ್ ಬರೀ ಅಕ್ಷರ ಬರುತ್ತೆ ಕಣೋ, ಮಾತು ಬರಲ್ಲ" ಎಂದಳು.

"ಅಕ್ಷರ ಹೇಳು. ಮಾತು ನಾನು ಜೋಡಿಸ್ಕೊಳ್ತೀನಿ."

ಹಾಗೆ ಶುರುವಾಯಿತು. ಬೆಳಿಗ್ಗೆ ಉಳಿದವರು ಬರುವ ಮುಂಚೆ ಇಬ್ಬರೂ ಕಾಗದದ ಕೋಣೆಗೆ ಹೋಗುತ್ತಿದ್ದರು. ಅವನು ಗುಂಡಿ ಒತ್ತುತ್ತಿದ್ದ. ಫ್ಯಾನು ಒಮ್ಮೆ ಬುಸುಗುಟ್ಟಿ ತಣ್ಣಗಾಗುತ್ತಿತ್ತು, ಪೀಪಿಯಂತೆ ಒಂದು ಸದ್ದು ಬರುತ್ತಿತ್ತು, ಆಮೇಲೆ ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಮೇಲಕ್ಕೆ ಓಡುತ್ತಿದ್ದವು. ಸಾಲಿನ ಮುಂದೆ ಹಸಿರು ಬಂದರೆ ಕ್ಷೇಮ, ಕೆಂಪು ಬಂದರೆ ತೊಂದರೆ. ಫಾರಂಗಳ, ಅಂದರೆ ಅಚ್ಚಾಗಿ ಬಂದ ದೊಡ್ಡ ಹಾಳೆಗಳ ಮಡಿಕೆಗಳ, ಬುಡದಲ್ಲಿರುವ ಎ, ಬಿ, ಸಿ ಗುರುತು ನೋಡಿ ಪುಸ್ತಕದ ಭಾಗಗಳನ್ನು ಒಂದರ ಮೇಲೊಂದು ಜೋಡಿಸಿ ಪಳಗಿದ ಕಣ್ಣು ಅವಳದು, ಅಕ್ಷರಗಳಿಗೆ ಹೆದರಲಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿ, "ಎಸ್, ಎಂ, ಬಿ, ಡಿ... ಹಸಿರು" ಎನ್ನುತ್ತಿದ್ದಳು.

"ಸಾಂಬಣ್ಣ ಎದ್ದ" ಎನ್ನುತ್ತಿದ್ದ ಅವನು.

ಮೇಲೆ ಯಾರದೋ ಕಂಪ್ಯೂಟರಿಗೆ ಫೈಲು ತೆರೆಯಲು ಅನುಮತಿಯಿಲ್ಲ ಎಂದು ಬಂದರೆ, ಅವನು ಕೆಳಗೇ ಕೂತು ಸರಿಮಾಡುತ್ತಿದ್ದ. ಅವಳು ಹೊಲಿಯುತ್ತಿದ್ದ ಪುಸ್ತಕ ಬದಿಗಿಟ್ಟು, ಅಂಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಪರದೆಯ ಮುಂದೆ ಬಂದು ನಿಲ್ಲುತ್ತಿದ್ದಳು. ಯಾರಾದರೂ ನೋಡಿದರೆ ತಮ್ಮನಿಗೆ ನೀರು ಕೊಡಲು ಬಂದಂತೆ ಕಾಣುತ್ತಿತ್ತು. ಆ ದಿನಗಳಲ್ಲಿ ಅಕ್ಕನ ಮನಸ್ಸಿನ ಮೂಲೆಯಲ್ಲಿ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಸುಖವೂ ಇತ್ತು. ಹುಡುಗ ದೊಡ್ಡವನಾದ ಮೇಲೆ ಅವನಿಗೆ ಅವಳ ಅಗತ್ಯ ಊಟದ ಹೊತ್ತಿಗಷ್ಟೇ ಉಳಿದಿತ್ತು. ಈಗ ಮತ್ತೆ ಅವನು ಅವಳ ಸೆರಗು ಹಿಡಿದುಕೊಂಡು ನಡೆಯುತ್ತಿದ್ದ.

ಹೀಗೇ ಇನ್ನೂ ಎಷ್ಟು ದಿನ ಸಾಗುತ್ತಿತ್ತೋ. ಯಜಮಾನರು ಗಿಣಿಗೆ ಒಂದು ಹೊಸ ಕಂಪ್ಯೂಟರ್ ತಂದರು. ಹೊಸ ವಿಂಡೋಸು ಹಳೆಯ ಕರಿಯನ ಕಡೆ ತಿರುಗಿಯೂ ನೋಡಲಿಲ್ಲ. ಕರಿಯನೊಳಗಿನ ಲಿನಕ್ಸು ಬಹಳ ಹಳೆಯದು, ಅದು ಫೈಲು ಹಂಚುವ ರೀತಿಯೂ ಹಳೆಯದು. ಅಂಥ ಹಳೆಯ ರೀತಿಯನ್ನು ಸುರಕ್ಷಿತವಲ್ಲವೆಂದು ಹೊಸ ವಿಂಡೋಸು ದೂರ ಇಡುತ್ತದೆ ಎಂದು ತಮ್ಮ ವಿವರಿಸಿದ. ಹೊಸ ಡಿಸ್ಕ್ ಹಾಕಿ, ಅದರಲ್ಲಿ ಹೊಸ ಲಿನಕ್ಸ್ ಕೂರಿಸಬೇಕು.

"ನಿನ್ನ ಕೈಯಲ್ಲಿ ಆಗುತ್ತಲ್ಲ ತಮ್ಮ?" ಎಂದರು ಯಜಮಾನರು. ಅವರಿಗೆ ಏನೋ ಅನುಮಾನ ಇದ್ದಿರಬೇಕು.

"ಆಗುತ್ತೆ ಸಾರ್. ಭಾನುವಾರ ರಜೆ ಇರುತ್ತಲ್ಲ, ಮಾಡಿ ಮುಗಿಸ್ತೀನಿ."

ಶನಿವಾರ ಮಧ್ಯಾಹ್ನ ಅವನು ಎಲ್ಲ ಕೆಲಸವನ್ನೂ ಹೊರಗಿನ ಒಂದು ಡಿಸ್ಕಿಗೆ ನಕಲು ಮಾಡಲು ಹಚ್ಚಿದ. ಆ ವಾರ ಶಾಲಾ ಪುಸ್ತಕಗಳ ಕೆಲಸ ತಲೆಯ ಮೇಲೆ ಬಿದ್ದಿತ್ತು. ಅಕ್ಕನ ಬೆನ್ನು ಕಳಚಿ ಬೀಳುವಂತಾಗಿತ್ತು. ಅವಳು ರೀಮುಗಳ ಮೇಲೆಯೇ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ಡಿಸ್ಕಿನ ಕಿರಕಿರ ನಿಂತಾಗ ತಮ್ಮ ಒಮ್ಮೆ ಅವಳ ಕಡೆ ತಿರುಗಿದ. ಆಮೇಲೆ ತಾನೇ ಡಿಸ್ಕನ್ನು ಕಳಚಿ, ಬಟ್ಟೆಯಲ್ಲಿ ಸುತ್ತಿ, ಕಪಾಟಿನಲ್ಲಿಟ್ಟ.

ಭಾನುವಾರ ಪ್ರೆಸ್ಸು ಖಾಲಿ. ತಮ್ಮ ಪೆಟ್ಟಿಗೆಯ ಬದಿ ಬಿಚ್ಚಿ ಹೊಸ ಡಿಸ್ಕ್ ಸೇರಿಸಿದ. ಹಿಂದೆಲ್ಲ ಇಂಥ ಕೆಲಸ ಮಾಡುವಾಗ ಹಳೆಯ ಡಿಸ್ಕನ್ನು ಕಳಚಿ ದೂರವಿಡುತ್ತಿದ್ದ. ಆವತ್ತು ಅದರ ವೈರಿನ ಕೊಂಡಿ ಎಷ್ಟು ತಡಕಿದರೂ ಬೆರಳಿಗೆ ಸಿಗಲಿಲ್ಲ. ಎಳೆದರೆ ಮುರಿದೀತು ಎಂದು ಹಾಗೇ ಬಿಟ್ಟ. ಕಂಪ್ಯೂಟರನ್ನು ಹಳೆಯ ಲಿನಕ್ಸಿನಲ್ಲೇ ಎಬ್ಬಿಸಿ ಡಿಸ್ಕುಗಳ ಹೆಸರು, ಅಳತೆಯ ಪಟ್ಟಿ ತರಿಸಿದ.

"ಓದಕ್ಕ."

"ಎಸ್ ಡಿ ಎ, ಐನೂರು. ಎಸ್ ಡಿ ಬಿ, ಸಾವಿರ."

"ಸಾವಿರದ್ದು ಹೊಸದು. ಹೊಸದು ಬಿ. ನೆನಪಿಟ್ಕೋ."

ಅವಳು ನೆನಪಿಟ್ಟುಕೊಂಡಳು. ಅದೇ ತಪ್ಪಾಯಿತು. ಕಂಪ್ಯೂಟರನ್ನು ಆರಿಸಿ, ಹೊಸ ಲಿನಕ್ಸನ್ನು ತುಂಬಿದ್ದ ಪೆನ್ ಡ್ರೈವ್ ಸಿಕ್ಕಿಸಿ, ಅದರಿಂದ ಎಬ್ಬಿಸಿದಾಗ ಮೊದಲು ಪೀ ಎಂದು ಸದ್ದು ಮಾಡಿದ ಆ ಲಿನಕ್ಸು ಡಿಸ್ಕುಗಳನ್ನು ತನ್ನದೇ ಕ್ರಮದಲ್ಲಿ ಎಣಿಸಿತು. ಹೊಸದಕ್ಕೆ ಎ ಎಂದಿತು, ಹಳೆಯದಕ್ಕೆ ಬಿ ಎಂದಿತು. ಒಂದಾದ ಮೇಲೊಂದು ಪರದೆ ಬಂದವು, ಅವಳು ಅಕ್ಷರ ಅಕ್ಷರ ಓದಿದಳು. ನಾಲಿಗೆ ಒಣಗಿತು, ಕಣ್ಣಲ್ಲಿ ನೀರು ತುಂಬಿಕೊಂಡು ಸಾಲುಗಳು ಒಂದರೊಳಗೊಂದು ಸೇರಿಹೋಗುತ್ತಿದ್ದವು. ಕೊನೆಗೆ ಯಾವ ಡಿಸ್ಕನ್ನು ಅಳಿಸಿ ಬರೆಯಲಿ ಎಂಬ ಪರದೆ ಬಂತು.

"ಆರಿಸೋ ಕೆಂಪು ಪಟ್ಟಿ ಯಾವ ಸಾಲಿನ ಮೇಲಿದೆ ಈಗ?"

"ಎಸ್ ಡಿ ಬಿ ಮೇಲೆ."

"ಪಕ್ಕದಲ್ಲಿ ಎಷ್ಟಿದೆ? ಸಾವಿರ ತಾನೇ?"

ಅವಳು ನೋಡಲಿಲ್ಲ. ನೋಡಿದೆನೆಂದೇ ಅವಳಿಗೆ ಅನ್ನಿಸಿತು. "ಹೂಂ, ಸಾವಿರ" ಎಂದಳು.

ಅವನು ಒತ್ತಿದ.

ಗೊತ್ತಾದದ್ದು ಸಂಜೆಯ ಮುನ್ನ, ಹಳೆಯ ಡಿಸ್ಕಿನಿಂದ ಫೈಲು ತರಲು ಹೋದಾಗ. ಅಲ್ಲಿ ಹೊಸ ಖಾಲಿ ಡಿಸ್ಕಷ್ಟೇ ಇತ್ತು. ತಮ್ಮ ಮತ್ತೆ ಮತ್ತೆ ಅದೇ ಆಜ್ಞೆ ಬರೆದ, ಅವಳು ಮತ್ತೆ ಮತ್ತೆ ಅದೇ ಅಕ್ಷರ ಓದಿದಳು. ಈ ಸಲ ಸಂಖ್ಯೆಯ ಮೇಲೆ ಬೆರಳಿಟ್ಟು ಓದಿದಳು: ಅಳಿಸಿ ಬರೆದದ್ದು ಐನೂರರ ಹಳೆಯ ಡಿಸ್ಕಿನ ಮೇಲೆ. ಅವನಿಗೆ ಮೊದಲು ಭಯವಾಗಲಿಲ್ಲ. "ಇರ್ಲಿ ಬಿಡಕ್ಕ, ನಕಲು ಇದೆಯಲ್ಲ" ಎಂದು ಕಪಾಟಿನಿಂದ ಹೊರಗಿನ ಡಿಸ್ಕ್ ತಂದು ಹಚ್ಚಿದ. ಅದರಲ್ಲಿ ಎಲ್ಲ ಇರಲಿಲ್ಲ. ಜಾಗ ಸಾಲದೆ ನಕಲು ನಡುವೆಯೇ ನಿಂತಿತ್ತು. ಹಾಗೆಂದು ಪರದೆಯ ಮೇಲೆ ಒಂದು ಸಾಲು ಬಂದಿದ್ದಿರಬೇಕು. ಓದುವವರು ಯಾರೂ ಇರಲಿಲ್ಲ.

ಸೋಮವಾರ ಯಜಮಾನರ ಕೋಣೆಯಲ್ಲಿ ಇಬ್ಬರೂ ನಿಂತರು.

"ತಪ್ಪು ನಂದು ಸಾರ್" ಎಂದ ಅವನು.

"ಇಲ್ಲ, ನಂದು. ನಾನು ತಪ್ಪು ಓದ್ದೆ" ಎಂದಳು ಅವಳು.

ಯಜಮಾನರು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು. "ನೀನು ಓದೋದು ಅಂದ್ರೆ ಏನಕ್ಕ? ಅವನ ಕಂಪ್ಯೂಟರ್ ನೀನ್ಯಾಕೆ ಓದ್ಬೇಕು?"

ಆಗ ಎಲ್ಲವೂ ಹೊರಗೆ ಬಂತು. ಯಜಮಾನರು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಅಕ್ಕನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ತಲೆಯ ಮೇಲೆ ಕೈಹೊತ್ತು ಕೂತು, "ಮೊದಲೇ ಹೇಳಿದ್ರೆ ನಾನೇನು ನಿನ್ನ ಹೊರಗೆ ಹಾಕ್ತಿದ್ನೇನೋ?" ಎಂದರು. ಹಾಕುತ್ತಿದ್ದರೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ. ಅಳಿದ ಫೈಲುಗಳನ್ನು ಹುಡುಕಿ ತೆಗೆಯುವವರ ಬಳಿ ಡಿಸ್ಕನ್ನು ಕಳಿಸಿದರು. ಕೆಲವು ಬಂತು, ಕೆಲವು ಹರಿದ ಕಾಗದದಂತೆ ತುಂಡುತುಂಡಾಗಿ ಬಂತು, ಕೆಲವು ಬರಲೇ ಇಲ್ಲ. ತಮ್ಮ ಆ ವಾರದ ಕೊನೆಗೆ ತಾನೇ ಕೆಲಸ ಬಿಟ್ಟ. ಬೇಡ ಎಂದು ಯಾರೂ ತಡೆಯಲಿಲ್ಲ.

ಬರದೇ ಹೋದದ್ದರಲ್ಲಿ ಬಹುಪಾಲನ್ನು ಗಿಣಿ ಮತ್ತು ಜೊತೆಯವರು ಹಳೆಯ ಕರಡು ನೋಡಿಕೊಂಡು ಮತ್ತೆ ಜೋಡಿಸಿದರು. ಜೋಡಿಸಲಾಗದೆ ಉಳಿದದ್ದು ಒಂದೇ: ನಿವೃತ್ತ ದನದ ಡಾಕ್ಟರೊಬ್ಬರ ಪುಸ್ತಕದ ಕೊನೆಯ ಭಾಗ. ತಾವು ಜೀವಮಾನವಿಡೀ ಮದ್ದು ಮಾಡಿದ ದನ, ಕುದುರೆ, ನಾಯಿಗಳ ಕಥೆಯನ್ನು ಅವರು ಬರೆಯುತ್ತಿದ್ದರು. ಮೊದಲ ಭಾಗಗಳು ಅಚ್ಚಾಗಿ ಫಾರಂಗಳು ಅಕ್ಕನ ಮೇಜಿನ ಮೇಲೆ ಮಡಿಸಿಟ್ಟಿದ್ದವು. ಆಮೇಲೆ ಕೈ ನಡುಗಲು ಶುರುವಾಗಿ ಲೇಖನಿ ಹಿಡಿಯಲಾಗದೆ, ಕೊನೆಯ ಭಾಗವನ್ನು ಗಿಣಿಯ ಪಕ್ಕ ಕುರ್ಚಿ ಹಾಕಿಕೊಂಡು ಬಾಯಲ್ಲೇ ಹೇಳಿ ಬರೆಸಿದ್ದರು. ಕಾಗದದ ಮೇಲೆ ಅದು ಎಲ್ಲೂ ಇರಲಿಲ್ಲ. ಅದರಲ್ಲಿ ಅವರು ತುಂಬ ಮನಸ್ಸಿಟ್ಟು ಹೇಳಿದ್ದು ಒಂದಿತ್ತಂತೆ. ತೀರಿಹೋದ ಹೆಂಡತಿ ಚಳಿಯಲ್ಲಿ ಹೆರಲಾಗದ ಕುದುರೆಯ ಪಕ್ಕ ಲಾಟೀನು ಹಿಡಿದು ನಿಂತ ಸಂಗತಿಯಂತೆ. ಗಿಣಿಗೆ ಅಷ್ಟು ಮಾತ್ರ ನೆನಪಿತ್ತು. "ನಾನು ಬೆರಳಲ್ಲಿ ಕೇಳಿಸ್ಕೊಳ್ಳೋಳು ಅಕ್ಕ, ತಲೆಯಲ್ಲಿ ನಿಲ್ಲಲ್ಲ" ಎಂದು ಅತ್ತಳು.

ಅಕ್ಕನೇ ಹೊರಟಳು, ಡಾಕ್ಟರನ್ನು ಕಂಡು ಮತ್ತೊಮ್ಮೆ ಹೇಳಿಸಿಕೊಂಡು ಬರೋಣವೆಂದು. ಬಾಗಿಲು ತೆರೆದ ಅವರ ಸೊಸೆ ಅವಳ ಮಾತು ಕೇಳಿ ಸಪ್ಪಗಾದಳು. "ಈ ನಡುವೆ ಮಾವನಿಗೆ ಮರೆವು ಬಹಳ. ನನ್ನನ್ನೂ ದಿನಾ ಯಾರು ಅಂತ ಕೇಳ್ತಾರೆ" ಎಂದಳು. ಒಳಗೆ ಕುರ್ಚಿಯಲ್ಲಿ ಕೂತಿದ್ದ ಡಾಕ್ಟರು ಅಕ್ಕನನ್ನು ನೋಡಿ, ಬಾಯ್ತುಂಬ ನಕ್ಕು, "ಎಮ್ಮೆ ಹೆಂಗಿದೆಯಮ್ಮಾ ಈಗ?" ಎಂದರು.

ಅಕ್ಕ, "ಚೆನ್ನಾಗಿದೆ ಡಾಕ್ಟ್ರೇ. ಮೇವು ತಿಂತಿದೆ" ಎಂದಳು.

ಇದ್ದಷ್ಟು ಫಾರಂಗಳನ್ನೇ ಅವಳು ಹೊಲಿದಳು. ಬೇರೆ ಯಾರ ಕೈಗೂ ಕೊಡಲಿಲ್ಲ. ದಪ್ಪ ರಟ್ಟು ಹಾಕಿ, ಬಟ್ಟೆ ಹೊದಿಸಿ, ಬೆನ್ನನ್ನು ಗುಂಡಗೆ ತಟ್ಟಿ, ಭಾರದ ಕೆಳಗಿಟ್ಟು ಒಣಗಿಸಿ ಕೊಂಡೊಯ್ದು ಕೊಟ್ಟಳು. ಡಾಕ್ಟರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಪುಟ ಮಗುಚಿದರು. ಕೊನೆಯ ಪುಟದವರೆಗೂ ಹೋಗಿ ಅಲ್ಲಿ ನಿಂತರು.

"ಎಲ್ಲಾ ಬಂದಿದೆಯಾ ಇದರಲ್ಲಿ?"

"ಎಲ್ಲಾ ಬಂದಿದೆ ಡಾಕ್ಟ್ರೇ."

"ಅವಳದೂ?"

ಅಕ್ಕ ತಲೆಯಾಡಿಸಿದಳು. ಅವರು ಸಮಾಧಾನದಿಂದ ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡರು. ಬೀದಿಗೆ ಬಂದ ಮೇಲೆ ಅವಳು ಯಾರದೋ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು, ಹೋಗುವವರು ಬರುವವರು ನೋಡಿದರೂ ಲೆಕ್ಕಿಸದೆ ಅತ್ತಳು.

ಮನೆಯಲ್ಲಿ ತಮ್ಮ ಕಿಟಕಿಯ ಬಳಿ ಕೂತಿರುತ್ತಿದ್ದ. ಕಣ್ಣಿನ ಕೊಳವೆ ಪೂರ್ತಿ ಮುಚ್ಚಿಹೋಗಿತ್ತು. ಆ ಭಾನುವಾರದ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಅದು ಬಿಟ್ಟರೆ ಆಡಲು ಬೇರೆ ಮಾತೂ ಉಳಿದಿರಲಿಲ್ಲ. ಅವಳು ಬಡಿಸುತ್ತಿದ್ದಳು, ಅವನು ತಿನ್ನುತ್ತಿದ್ದ. ಕಣ್ಣಿಲ್ಲದವರಿಗೆ ಕಂಪ್ಯೂಟರ್ ಕಲಿಸುವ ಒಂದು ಕೇಂದ್ರ ಬೇರೆ ಊರಿನಲ್ಲಿದೆ, ಅಲ್ಲೇ ಇದ್ದು ಕಲಿಯಬಹುದು ಎಂದು ಸುದ್ದಿ ತಂದವರು ಯಜಮಾನರು. ಅವನು ಹೋಗುತ್ತೇನೆ ಎಂದಾಗ ಅವಳು ಬೇಡ ಎನ್ನಲಿಲ್ಲ. ಅವನ ಬಟ್ಟೆಗಳನ್ನು ಮಡಿಸುವಾಗ, ಬಣ್ಣ ತಿಳಿಯಲೆಂದು ಪ್ರತಿ ಅಂಗಿಯ ಕಾಲರಿನೊಳಗೆ ಬೇರೆ ಬೇರೆ ಗಂಟಿನ ದಾರ ಹೊಲಿದಳು.

ಬಹಳ ತಿಂಗಳುಗಳ ಮೇಲೆ ಅವಳು ನೋಡಲು ಹೋದಳು. ಅಷ್ಟರಲ್ಲಿ ಅವನನ್ನು ಅಲ್ಲೇ ಕೆಲಸಕ್ಕೆ ಇಟ್ಟುಕೊಂಡಿದ್ದರು. ಉದ್ದನೆಯ ಕೋಣೆ, ಸಾಲಾಗಿ ವಿಂಡೋಸ್ ಕಂಪ್ಯೂಟರುಗಳು, ಮೂಲೆಯಲ್ಲಿ ಅವುಗಳಿಗೆಲ್ಲ ಪಾಠದ ಫೈಲು ಹಂಚುವ ಒಂದು ಲಿನಕ್ಸು. "ತೋರಿಸ್ತೀನಿ ಬಾ" ಎಂದು ಅವನು ಅದನ್ನು ಆರಿಸಿ ಮತ್ತೆ ಎಬ್ಬಿಸಿದ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯೊಳಗಿನಿಂದ ಒಂದು ಒಣಕಲು ದನಿ ಪರದೆಯ ಮೇಲಿದ್ದದ್ದನ್ನು ಪಟಪಟನೆ ಓದತೊಡಗಿತು. ಅವನು ಕಿವಿಗೊಟ್ಟು ಕೇಳಿ, ಬರೆದು, ಮತ್ತೆ ಕೇಳಿದ. ಎಲ್ಲೂ ತಡವರಿಸಲಿಲ್ಲ.

"ನಿನಗಿಂತ ಬೇಗ ಓದುತ್ತೆ ನೋಡು" ಎಂದು ನಕ್ಕ.

ಅವಳೂ ನಕ್ಕಳು. "ಸಂಬಳ ಕೇಳಲ್ಲ, ಬೆನ್ನು ನೋವು ಅನ್ನಲ್ಲ."

ಅವನ ನಗು ನಿಂತಿತು. ಕೈ ಕೀಲಿಮಣೆಯ ಮೇಲೆಯೇ ಇತ್ತು. "ಅಕ್ಕ, ಆವತ್ತಿನ ಪೆನ್ ಡ್ರೈವಲ್ಲೂ ಈ ಓದೋ ದನಿ ಇತ್ತು. ಶುರುವಲ್ಲಿ ಪೀ ಅಂದಾಗ ಒಂದು ಅಕ್ಷರ ಒತ್ತಿ ಎಂಟರ್ ಕೊಟ್ಟಿದ್ರೆ ಅದೇ ಓದಿ ಹೇಳ್ತಿತ್ತು. ನನಗೆ ಗೊತ್ತಿರ್ಲಿಲ್ಲ."

ಅವಳು ಪಕ್ಕದ ಕುರ್ಚಿಯಲ್ಲಿ ಕೂತಳು. "ನೀನು ಸಂಖ್ಯೆ ಎಷ್ಟು ಅಂತ ಕೇಳ್ದೆ. ನಾನು ನೋಡ್ದೇ ಹೇಳ್ದೆ ಕಣೋ. ಇಷ್ಟು ದಿನ ಅದನ್ನ ಬಾಯಿ ಬಿಟ್ಟು ಹೇಳಕ್ಕಾಗ್ಲಿಲ್ಲ."

"ಗೊತ್ತು. ನಿನ್ನ ದನಿಯಲ್ಲೇ ಗೊತ್ತಾಯ್ತು. ನೋಡಿ ಹೇಳುವಾಗ ನೀನು ಸ್ವಲ್ಪ ಎಳೀತೀಯ."

"ಗೊತ್ತಾಗಿಯೂ ಒತ್ತಿದ್ಯಾ?"

"ಇನ್ನೊಂದು ಸಲ ನೋಡು ಅನ್ಬೇಕಿತ್ತು. ಬೆಳಿಗ್ಗೆಯಿಂದ ನಿಂತೇ ಇದ್ದೆ ನೀನು. ಬಾಯಿ ಬರಲಿಲ್ಲ. ಹಿಂದಿನ ದಿನ ನಕಲು ಮುಗೀತಾ ನೋಡು ಅಂತ ಎಬ್ಬಿಸೋಣ ಅಂತ ಅನ್ನಿಸ್ತು. ನಿದ್ದೆ ಹತ್ತಿರ್ಬೇಕು ಅಂತ ಸುಮ್ಮನಾದೆ."

ಅವಳಿಗೆ ಆವತ್ತು ನಿದ್ದೆ ಹತ್ತಿರಲಿಲ್ಲ. ಬೆನ್ನಿನ ನೋವು ಅವನಿಗೆ ತಿಳಿಯಬಾರದೆಂದು ಕಣ್ಣು ಮುಚ್ಚಿದ್ದಳಷ್ಟೇ. ಅದನ್ನು ಅವಳು ಹೇಳಲಿಲ್ಲ. ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. ಪೆಟ್ಟಿಗೆಯೊಳಗಿನ ದನಿ ಯಾರೂ ಕೇಳದಿದ್ದರೂ ಓದುತ್ತಲೇ ಇತ್ತು.

ಹೊರಡುವಾಗ ಅವನು ಬಸ್ ನಿಲ್ದಾಣದವರೆಗೆ ಕೋಲು ತಟ್ಟಿಕೊಂಡು ಬಂದ. ಮೊಣಕೈ ಹಿಡಿಯಲು ಅವಳ ಕೈ ಎರಡು ಸಲ ಮುಂದೆ ಹೋಗಿ ಹಿಂದೆ ಬಂತು. "ವಾಪಸ್ ಬರ್ತೀಯಾ?" ಎಂದು ಕೇಳಬೇಕೆಂದುಕೊಂಡು ಬಂದಿದ್ದವಳು, "ಹನಿ ಹಾಕ್ಕೊಳ್ತಿದೀಯಾ?" ಎಂದಳು. ಇನ್ನು ಹನಿ ಹಾಕಿಕೊಂಡು ಪ್ರಯೋಜನವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ಹೂಂ ಅಕ್ಕ" ಎಂದ ಅವನು.

ನಿಲ್ದಾಣದಲ್ಲಿ ಎರಡು ಬಸ್ಸುಗಳು ಒಂದರ ಹಿಂದೊಂದು ನಿಂತಿದ್ದವು. ಅವಳು ಹಿಂದಿನದನ್ನು ಹತ್ತಿ ಕಿಟಕಿಯ ಬಳಿ ಕೂತಳು. ಮುಂದಿನ ಬಸ್ಸು ಮೊದಲು ಹೊರಟಿತು. ಅದರ ಸದ್ದು ಕೇಳಿ ತಮ್ಮ ಅತ್ತ ಮುಖ ಮಾಡಿ ಕೈ ಎತ್ತಿ ಬೀಸತೊಡಗಿದ. ಅಕ್ಕ ಕೂಗಲು ಬಾಯಿ ತೆರೆದಳು. ಅವನ ಮುಖದಲ್ಲಿದ್ದ ನಗು ನೋಡಿ ಸುಮ್ಮನಾದಳು. ಆ ಬಸ್ಸಿನ ಕಿಟಕಿಯಲ್ಲಿ ಕೂತಿದ್ದ ಯಾರೋ ಒಬ್ಬ ಹೆಂಗಸು, ಇವನು ಯಾರೆಂದು ತಿಳಿಯದಿದ್ದರೂ, ತನ್ನ ಕೈಯನ್ನು ಹೊರಗೆ ಚಾಚಿ ಬೀಸಿದಳು.